ಟರ್ಬೊ ಇಲ್ಲದ ಕಾರಿಗೆ ದೊಡ್ಡ ಪಂಪು

ಬೆಳಕು ಹರಿಯುವುದರೊಳಗೆ ಹೆಂಡತಿ ಹಾಲು ಕಾಯಿಸಿದ್ದಳು, ರಾತ್ರಿಯ ಪಾತ್ರೆ ತಿಕ್ಕಿದ್ದಳು, ಬಟ್ಟೆ ಒಗೆದು ಹರವಿದ್ದಳು, ಅತ್ತೆಯ ಮಂಡಿಗೆ ಎಣ್ಣೆ ನೀವಿದ್ದಳು, ಮಧ್ಯಾಹ್ನದ ಅಡುಗೆಯನ್ನೂ ಮಾಡಿ ಮುಚ್ಚಿಟ್ಟಿದ್ದಳು. ಈಗ ಷೆಡ್ಡಿನಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು. ಗಂಡ ತನ್ನ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿನ ಹಿಂಭಾಗದಲ್ಲಿ ಸೊಂಟದವರೆಗೆ ಮುಳುಗಿದ್ದ.

ಹೆಂಡತಿ: ಇವತ್ತೇ ಬಿಚ್ಚಬೇಕಿತ್ತಾ? ಇನ್ನು ಸ್ವಲ್ಪ ಹೊತ್ತಲ್ಲೇ ನನ್ನ ಬಸ್ ಡ್ರೈವಿಂಗ್ ಟೆಸ್ಟು. ಪಾಸಾದ್ರೆ ಕೆಲಸ ಗ್ಯಾರಂಟಿ. ನಾನೇ ಬಿಡ್ತೀನಿ ಅಂದಿದ್ರಿ!

ಗಂಡ: ನಿನ್ನ ಬಿಡೋದಕ್ಕೇ ಬಿಚ್ಚಿರೋದು ಕಣೇ. ಇದರ ಪೆಟ್ರೋಲ್ ಪಂಪು ಚಿಕ್ಕದು. ದೊಡ್ಡದು ಕೂರಿಸಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಅಲ್ಲಿರ್ತೀಯ.

ಹೆಂಡತಿ: ಹಳೇದು ಕೆಟ್ಟಿತ್ತಾ?

ಗಂಡ: ಇಲ್ಲ, ಚೆನ್ನಾಗೇ ಇತ್ತು.

ಹೆಂಡತಿ: ಮತ್ತೆ?

ಗಂಡ: ಚೆನ್ನಾಗಿದ್ರೆ ಸಾಕಾ? ಟಾರ್ಚ್ ಈ ಕಡೆ ಹಿಡಿ. ಇಂಜಿನ್ನಿಗೆ ಹಸಿವು. ಜಾಸ್ತಿ ಬಡಿಸಿದ್ರೆ ಜಾಸ್ತಿ ಓಡುತ್ತೆ.

ಹೆಂಡತಿ: ಟರ್ಬೊ ಇದ್ದಿದ್ರೆ ಗಾಳಿ ಒತ್ತಿ ತುಂಬ್ತಿತ್ತು, ಅದಕ್ಕೆ ತಕ್ಕಂತೆ ಪೆಟ್ರೋಲೂ ಬೇಕಾಗ್ತಿತ್ತು. ಇದು ತಾನೇ ಉಸಿರೆಳೆದಷ್ಟೇ ಗಾಳಿ. ನೀವು ಎಷ್ಟು ಕಳಿಸಿದ್ರೂ ಮಿಕ್ಕಿದ್ದು ವಾಪಸ್ ಟ್ಯಾಂಕಿಗೇ ಹೋಗುತ್ತೆ.

ಗಂಡ: ಯಾರು ಹೇಳಿದ್ದು ನಿನಗೆ?

ಹೆಂಡತಿ: ನೀವೇ. ಹೋದ ಭಾನುವಾರ ಜೋರಾಗಿ ಓದ್ತಿದ್ರಿ. ಟಾರ್ಚ್ ಹಿಡಿಯೋರಿಗೂ ಕಿವಿ ಇರುತ್ತೆ.

ಮಂಡಿ ಹಿಡಿದುಕೊಂಡು ಅತ್ತೆ ಬಾಗಿಲಿಗೆ ಬಂದರು.

ಅತ್ತೆ: ಏನ್ರೋ ಅದು, ಬೆಳಬೆಳಗ್ಗೆ ಗಲಾಟೆ?

ಹೆಂಡತಿ: ಕಾರಿಗೆ ಬೇಕಾದ್ದಕ್ಕಿಂತ ಜಾಸ್ತಿ ಕುಡಿಸ್ತಾರಂತೆ, ಅತ್ತೆ.

ಅತ್ತೆ: ಕುಡಿಸಲಿ ಬಿಡು. ಚಿಕ್ಕವನಿದ್ದಾಗ ಇವನಿಗೂ ನಾನು ಹಾಗೇ ಕುಡಿಸ್ತಿದ್ದೆ.

ಹೆಂಡತಿ: ಕುಡೀತಿದ್ರಾ?

ಅತ್ತೆ: ಎಲ್ಲಿ! ಅರ್ಧ ಕಕ್ಕುತ್ತಿದ್ದ.

ಹೆಂಡತಿ: ಕಾರೂ ಮಾಡೋದು ಅದನ್ನೇ.

ಗಂಡ: ಅಮ್ಮಾ! ನೀನು ಯಾರ ಕಡೆ?

ಅತ್ತೆ: ಯಾರ ಕಡೆಯೂ ಇಲ್ಲಪ್ಪಾ. ನೀನು ಕಕ್ಕಿದ್ದು ಒರೆಸಿ ಒರೆಸಿಯೇ ನನ್ನ ಮಂಡಿ ಹೋಗಿದ್ದು, ಅಷ್ಟೇ ಹೇಳಿದೆ.

ಗಂಡ: ಇನ್ನರ್ಧ ಗಂಟೆ. ಅಷ್ಟರಲ್ಲಿ ಒಂದು ಲೋಟ ಟೀ ಆಗಿಬಿಡ್ಲಿ.

ಹೆಂಡತಿ: ಸೈಲೆನ್ಸರ್ ಬಿಚ್ಚಿದಾಗಲೂ ಇನ್ನರ್ಧ ಗಂಟೆ ಅಂದಿದ್ರಿ. ಅದರೊಳಗೆ ಗುಬ್ಬಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಹಾರಿಯೂ ಹೋಯ್ತು.

ಗಂಡ: ಟೆಸ್ಟು ಇನ್ನೊಂದು ದಿನ ಕೊಟ್ರಾಯ್ತಪ್ಪ. ಬಸ್ಸು ಎಲ್ಲಿಗೆ ಹೋಗ್ಬಿಡುತ್ತೆ?

ಹೆಂಡತಿ: ನಾನು ಓಡಿಸಿದ ಕಡೆಗೆ.

ಟಾರ್ಚನ್ನು ಅತ್ತೆಯ ಕಡೆ ಚಾಚಿದಳು. ಅತ್ತೆ ಎರಡೂ ಕೈ ಹಿಂದೆ ಕಟ್ಟಿಕೊಂಡರು. ಅವಳು ಅದನ್ನು ನೆಲದ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಗಂಡ: ಲೇ! ಇಲ್ಲಿ ಕತ್ತಲೆ!

ಅತ್ತೆ: ತಲೆ ಹೊರಗೆ ತೆಗಿಯೋ. ಬೆಳಗಾಗಿ ಎಷ್ಟು ಹೊತ್ತಾಯ್ತು.

ಟೆಸ್ಟಿನ ಬಸ್ಸು ಮೈದಾನ ಸುತ್ತಿ, ಹಿಮ್ಮುಖವಾಗಿ ಕಂಬಗಳ ನಡುವೆ ನುಸುಳಿ, ದೊಡ್ಡ ರಸ್ತೆಗೆ ಬಂದಿತ್ತು. ಪಕ್ಕದಲ್ಲಿ ಪರೀಕ್ಷಕರು ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಮುಂದೆ, ರಸ್ತೆಯಂಚಿನಲ್ಲಿ, ಸ್ಪೋರ್ಟ್ಸ್ ಕಾರು ನಿಂತಿತ್ತು. ಅದರ ಪಕ್ಕದಲ್ಲಿ ಗಂಡ ಎರಡೂ ಕೈ ಬೀಸುತ್ತಿದ್ದ.

ಗಂಡ: ನಿಲ್ಸೇ! ಪಂಪು ಭರ್ಜರಿಯಾಗಿದೆ! ಟ್ಯಾಂಕಿಂದ ತೆಗೆದಿಟ್ಟ ಪೆಟ್ರೋಲ್ ವಾಪಸ್ ಹಾಕೋದೇ ಮರೆತೆ! ತಳದಲ್ಲಿ ಉಳಿದಿದ್ದರಲ್ಲೇ ಇಲ್ಲೀವರೆಗೂ ಬಂದೆ!

ಪರೀಕ್ಷಕರು: ಯಾರಮ್ಮಾ ಅದು?

ಹೆಂಡತಿ: ನಮ್ಮನೆಯವರು ಸಾರ್. ನಿಲ್ಲಿಸ್ಲಾ?

ಪರೀಕ್ಷಕರು: ನಾನು ಹೇಳೋ ಹಾಗಿಲ್ಲ. ಸ್ಟೀರಿಂಗ್ ನಿಮ್ಮ ಕೈಲಿದೆ.

ಅವನು ಕೂಗಿದಾಗಲೆಲ್ಲ ಏಳುವ ಕಾಲು, ಅಭ್ಯಾಸಬಲದಿಂದ ಬ್ರೇಕಿನ ಕಡೆಗೆ ಹೋಯಿತು. ಅವಳು ಆ ಕಾಲನ್ನು ಒಮ್ಮೆ ನೋಡಿಕೊಂಡಳು, ಯಾರದೋ ಕಾಲೆಂಬಂತೆ. ಆಮೇಲೆ ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ಕಾರಿಗೂ ಅದರ ಮಾಲೀಕನಿಗೂ ಧಾರಾಳ ಜಾಗ ಬಿಟ್ಟು ಬಸ್ಸನ್ನು ಮುಂದಕ್ಕೆ ಕೊಂಡೊಯ್ದಳು. ಹೋಗುತ್ತ ಕಿಟಕಿಯಿಂದ ಕೂಗಿದಳು:

"ರೀ, ಇಲ್ಲಿ ಸ್ಟಾಪ್ ಇಲ್ಲ!"