ಸೊಳ್ಳೆಗಳಿಗೆ ಕೈಯೊಡ್ಡುವ ಅತ್ತಿಗೆ

ಹೊತ್ತು ಮುಳುಗುವಾಗ ಲೋಕದ ಹೆಂಗಸರೆಲ್ಲ ಕಿಟಕಿ ಮುಚ್ಚಿ ಸೊಳ್ಳೆಗಳನ್ನು ಆಚೆಗಿಡುತ್ತಾರೆ. ನಮ್ಮ ಅತ್ತಿಗೆ ಮಾತ್ರ ರವಿಕೆಯ ತೋಳು ಮಡಚಿಕೊಂಡು ಕೊಟ್ಟಿಗೆಗೆ ಹೋಗಿ, ಮಣೆ ಹಾಕಿ ಕೂತು, ಎರಡೂ ಕೈ ಚಾಚಿ ಅವುಗಳಿಗಾಗಿ ಕಾಯುತ್ತಾರೆ! ಸೊಳ್ಳೆ ಬರುವುದು ತಡವಾದರೆ ಅವರಿಗೆ ಸಿಟ್ಟು ಬೇರೆ. ಇಂಥವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅಂತರಸಂತೆಗೆ ಬನ್ನಿ, ತೋರಿಸುತ್ತೇನೆ.

ಅತ್ತಿಗೆ ಭೇರ್ಯದ ಕಡೆಯ ರೈತರ ಮಗಳು. ಕೆಲಸ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ, ಶನಿವಾರ ಭಾನುವಾರ ನಮ್ಮಲ್ಲಿ. ಅಣ್ಣ ಕಾಡು ಕಾಯುವ ವಾಚರ್. ಹೋದ ಮಳೆಗಾಲದಲ್ಲಿ ಅವನು ಜ್ವರ ಹತ್ತಿ ಎದ್ದು ಕೂರಲಾರದ ಹಾಗಾದ. ಸೊಳ್ಳೆಯಿಂದಲೇ ಬಂದದ್ದು ಎಂದರು ಡಾಕ್ಟರು. "ಸೊಳ್ಳೆ ಎಣ್ಣೆ ಅಚ್ಕೊಂಡೇ ಓಗಿದ್ದೆ ಕಣೇ. ಅತ್ತು ಗಂಟೆಗೆಲ್ಲ ಬೆವರ್ನಾಗೆ ಓಯ್ತು" ಎಂದು ಅವನು ಹೆಂಡತಿಯ ಮುಂದೆ ಗೊಣಗಿದ. ಮುಂದಿನ ವಾರ ಅತ್ತಿಗೆ ಬರುವಾಗ ಬ್ಯಾಗಿನಲ್ಲಿ ಹಾಲಿನಂಥದ್ದೇನೋ ತುಂಬಿದ ಸೀಸೆ ಇತ್ತು.

"ಇದೇನವ್ವಾ?" ಎಂದರು ಅಮ್ಮ.

"ಮಜ್ಜಿಗೆಹುಲ್ಲಿನ ಎಣ್ಣೆ, ಅತ್ತೆ. ಸೊಳ್ಳೆಗೆ ಇದು ಆಗಲ್ಲ. ಆದ್ರೆ ಹಚ್ಚಿದ ಸ್ವಲ್ಪ ಹೊತ್ತಿಗೇ ಆರಿಹೋಗತ್ತೆ. ಅದಕ್ಕೆ ಪಾಲಿಮರ್ ಅನ್ನೋದರ ಸಣ್ಣ ಸಣ್ಣ ಉಂಡೆ ಮಾಡಿ ಅದರೊಳಗೆ ಎಣ್ಣೆ ತುಂಬಿದೀನಿ. ಸ್ವಲ್ಪ ಸ್ವಲ್ಪವೇ ಆಚೆ ಬರತ್ತೆ. ಬೆಳಿಗ್ಗೆ ಹಚ್ಚಿದ್ದು ಸಂಜೆ ತನಕ ಇರ್ಬೇಕು."

"ಒಬ್ಬಟ್ಟು ಅನ್ನು. ಎಷ್ಟು ದೊಡ್ಡದು?"

"ಒಂದು ಕೂದಲೆಳೆ ಅಗಲದಲ್ಲಿ ನೂರಾರು ಜೋಡಿಸ್ಬೋದು."

ಅಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟು ಚಿಕ್ಕದ್ನ ದುಂಡಗೆ ಮಾಡೋಳು, ನಮ್ಮನೇಲಿ ರೊಟ್ಟಿ ತಟ್ಟುದ್ರೆ ಮಾತ್ರ ಎಮ್ಮೆ ಕಿವಿ ಇದ್ದಂಗಿರ್ತದಲ್ಲ, ಯಾಕವ್ವಾ?"

ಮೊದಲ ಸೀಸೆ ಕೈಕೊಟ್ಟಿತು. ಮಧ್ಯಾಹ್ನದ ಊಟದ ಹೊತ್ತಿಗೇ ವಾಸನೆ ಮಾಯ! ಅಮ್ಮ ಸೊಸೆಯ ಮುಂಗೈ ಮೂಸಿ ನೋಡಿ ತೀರ್ಪು ಕೊಟ್ಟರು: "ಕಣಕ ತೆಳ್ಳಗಾಗ್ಬುಟ್ಟದೆ. ಹೂರಣ ಕಿತ್ಕೊಂಡದೆ." ಅತ್ತಿಗೆ ನಗುತ್ತಾರೆಂದುಕೊಂಡೆ. ನಗಲಿಲ್ಲ, ಬರೆದುಕೊಂಡರು! ಈಗ ಅವರ ಪ್ರಯೋಗಾಲಯದಲ್ಲೂ ಆ ಪಾಲಿಮರನ್ನು 'ಕಣಕ' ಎಂದೇ ಕರೆಯುತ್ತಾರಂತೆ. ಅಮ್ಮ ಇದನ್ನು ಊರಲ್ಲಿ ಯಾರಿಗೂ ಹೇಳದೆ ಬಿಟ್ಟಿಲ್ಲ.

ದಪ್ಪ ಕಣಕದ ಹೊಸ ಎಣ್ಣೆ ಪ್ರಯೋಗಾಲಯದ ಪಂಜರದ ಸೊಳ್ಳೆಗಳನ್ನು ಓಡಿಸಿತು. ಆದರೆ ಅವು ಸಕ್ಕರೆ ನೀರು ಕುಡಿದು ಬೆಳೆದ ಮರ್ಯಾದಸ್ಥ ಸೊಳ್ಳೆಗಳು. ಅಂತರಸಂತೆಯವು ಒಪ್ಪಬೇಕಲ್ಲ! ಅದಕ್ಕೇ ಕೊಟ್ಟಿಗೆ. ಬೆಳಿಗ್ಗೆ ಅಣ್ಣ ಕೆಲಸಕ್ಕೆ ಹೊರಟಾಗ ಅತ್ತಿಗೆ ಬಲಗೈಗೆ ಎಣ್ಣೆ ಹಚ್ಚಿಕೊಳ್ಳುವುದು, ಎಡಗೈಯನ್ನು ಹಾಗೇ ಬಿಡುವುದು. ಅವನು ಮರಳುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಕೂತು, ಯಾವ ಕೈ ಮೇಲೆ ಎಷ್ಟು ಸೊಳ್ಳೆ ಕೂತವೆಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುವುದು.

ಪಕ್ಕದ ಮನೆಯಾಕೆ ಇಣುಕಿ, "ಇದ್ಯಾವ ದೇವ್ರ ಅರಕೆ ಕಣವ್ವಾ?" ಎಂದರು.

"ದೇವರದ್ದಲ್ಲ ಕಣಕ್ಕ, ಗಂಡಂದು" ಎಂದರು ಅತ್ತಿಗೆ, ಗೀಟು ಹಾಕುತ್ತಲೇ.

ಒಂದು ಶನಿವಾರ ಬಲಗೈಗೆ ಒಂದೂ ಸೊಳ್ಳೆಯಿಲ್ಲ. ಅತ್ತಿಗೆಗೆ ಹಿಗ್ಗು. ನೋಡಿದರೆ ಎಡಗೈಗೂ ಇಲ್ಲ! ತಿರುಗಿ ನೋಡುತ್ತಾರೆ, ಗೋದಲಿಯ ಹಿಂದಿನಿಂದ ಬೇವಿನ ಸೊಪ್ಪಿನ ಹೊಗೆ ಏಳುತ್ತಿದೆ.

"ಅತ್ತೇ! ಇದೇನ್ ಮಾಡಿದ್ರಿ?"

"ದನಕ್ಕೆ ದಿನಾ ನೀನೆದ್ಮೇಲೆ ಒಗೆ ಆಕಲ್ವ? ನಿನ್ನ ಎಡಗೈ ಊದ್ಕೊಂಡಿರದ ನೋಡಕಾಗ್ನಿಲ್ಲ, ಇವತ್ತು ವಸಿ ಮುಂಚೆನೇ ಆಕ್ದೆ."

"ಎಡಗೈ ಕಚ್ಚಲೇಬೇಕು ಅತ್ತೆ! ಇಲ್ದಿದ್ರೆ ಎಣ್ಣೆಯಿಂದ ಬರ್ಲಿಲ್ವೋ, ಸೊಳ್ಳೆನೇ ಇರ್ಲಿಲ್ವೋ, ಹೇಗೆ ಗೊತ್ತಾಗ್ಬೇಕು? ಮಳೆ ಹಿಡಿಯೋದ್ರೊಳಗೆ ಇದು ನಿಮ್ಮ ಮಗನಿಗೆ ಸಿದ್ಧ ಆಗ್ಬೇಕು!" ಎಂದವರೇ ಆ ದಿನದ ಪುಟ ಹರಿದು ಅದೇ ಹೊಗೆಗೆ ಹಾಕಿದರು. ಲೆಕ್ಕ ಕೆಟ್ಟರೆ ಅತ್ತಿಗೆ ಯಾರ ಮುಖವನ್ನೂ ನೋಡುವವರಲ್ಲ. ಅಮ್ಮ ಒಳಗೆ ಹೋದರು.

ಮಾರನೆಯ ಸಂಜೆ ಅತ್ತಿಗೆ ಮಣೆ ಹಿಡಿದು ಕೊಟ್ಟಿಗೆಗೆ ಹೋದರೆ ಅಲ್ಲಿ ಆಗಲೇ ಇನ್ನೊಂದು ಮಣೆ! ಅದರ ಮೇಲೆ ಅಮ್ಮ, ಎಡಗೈ ಚಾಚಿಕೊಂಡು.

"ನಿನ್ನ ಬಲಗೈ ಇರ್ಲಿ. ಎಡಗೈನ ಸೆರಗ್ನಲ್ಲಿ ಮುಚ್ಕೊ. ಇವತ್ತು ನಂದು."

"ಆಗಲ್ಲ ಅತ್ತೆ. ಎರಡೂ ಕೈ ಒಬ್ಬರದ್ದೇ ಇರ್ಬೇಕು. ಬೇರೆಯವರದ್ದು ಲೆಕ್ಕಕ್ಕೆ ಬರಲ್ಲ."

"ನಾನು ಬೇರೆಯವಳಾ? ಅವ್ನು ನಿಂಗೆ ಗಂಡ ಆಗಕ್ ಮುಂಚೆ ನಂಗೆ ಮಗ ಕಣವ್ವ. ಕೂತ್ಕೊ."

ಅತ್ತಿಗೆ ಕೂತರು. ಸೊಳ್ಳೆಗಳು ಅತ್ತಿಗೆಯ ಕೈ ಹತ್ತಿರ ಬಂದು, ಗಿರಕಿ ಹೊಡೆದು, ಅಮ್ಮನ ಕೈಗೆ ಇಳಿದವು. "ಬಂತು, ಗೀಟಾಕು! ಇನ್ನೊಂದು ಬಂತು, ಆಕು!" ಎಂದು ಅಮ್ಮ ಹಿಗ್ಗುತ್ತಲೇ ಇದ್ದರು. ಅಣ್ಣನ ಬೈಕಿನ ಸದ್ದು ಕೇಳಿದರೂ ಇಬ್ಬರೂ ಏಳಲಿಲ್ಲ.

ಆಮೇಲಿನ ವಾರಗಳಲ್ಲಿ ಅತ್ತಿಗೆ ತಮ್ಮ ಎರಡೂ ಕೈಯಿಟ್ಟು ಸರಿಯಾದ ಲೆಕ್ಕವನ್ನೇ ತೆಗೆದರು. ಈ ಮಳೆಗಾಲದಲ್ಲಿ ಅಣ್ಣ ಆ ಎಣ್ಣೆ ಹಚ್ಚದೆ ಒಂದು ದಿನವೂ ಕಾಡಿಗೆ ಹೋಗಿಲ್ಲ, ಜ್ವರವೆಂದು ಒಂದು ದಿನವೂ ಮಲಗಿಲ್ಲ.

ಅಮ್ಮನ ಎಡಗೈಯ ಗೀಟುಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಅತ್ತಿಗೆ ಆ ಪುಟವನ್ನು ಮಾತ್ರ ಹರಿದಿಲ್ಲ.