ಬೀಗರ ಗಿಟಾರಿಗೆ ಜರಿ ಅಂಚು

ನನ್ನ ಕೈ ಸುಮ್ಮನಿರುವ ಜಾತಿಯದ್ದಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಫಿಟ್ಟರ್ ಕೆಲಸದಿಂದ ನಿವೃತ್ತನಾದ ಮೇಲಂತೂ ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ನಾನು ಬಿಚ್ಚದ ವಸ್ತು ಉಳಿದಿಲ್ಲ. ಮಿಕ್ಸಿ ಬಿಚ್ಚಿದೆ, ಗಡಿಯಾರ ಬಿಚ್ಚಿದೆ. ಕೊನೆಗೆ ಹೆಂಡತಿ ಸ್ಕ್ರೂಡ್ರೈವರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು.

ಅಂಥ ಹೊತ್ತಿನಲ್ಲಿ ಕೊಡಿಗೇಹಳ್ಳಿಯ ಬೀಗರ ಮನೆಗೆ, ಅಂದರೆ ಮಗಳ ಮಾವನ ಮನೆಗೆ, ಊಟಕ್ಕೆ ಹೋದೆವು. ಅಟ್ಟದ ಮೇಲೊಂದು ಹಳೇ ಗಿಟಾರು ಕಂಡಿತು. ಬೀಗರು ಪ್ರಾಯದಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರಂತೆ.

"ಮೊಮ್ಮಗಳ ನಾಮಕರಣಕ್ಕೆ ಇದ್ರಾಗೇ ಒಂದು ಜೋಗುಳ ನುಡಿಸ್ಬೇಕು ಅಂತ ಆಸೆ ಬೀಗ್ರೇ," ಅಂದರು.

"ಕೊಡಿ, ಹೊಸದು ಮಾಡ್ಕೊಡ್ತೀನಿ," ಅಂದುಬಿಟ್ಟೆ. ಬೀಗರಿಗೆ ಬೇಡ ಅನ್ನಲು ಸಂಕೋಚ. ದಾರಿಯುದ್ದಕ್ಕೂ ಹೆಂಡತಿ ಹೇಳಿದ್ದು ಒಂದೇ ಮಾತು: "ಮಿಕ್ಸಿ ಕೆಟ್ರೆ ಚಟ್ನಿ ಹೋಗುತ್ತೆ. ಇದು ಕೆಟ್ರೆ ಮಗಳ ಮರ್ಯಾದೆ ಹೋಗುತ್ತೆ."

೧. ಅಂಚು

ಗಿಟಾರಿನ ಅಂಚು ಸುತ್ತಲೂ ಕಿತ್ತುಹೋಗಿತ್ತು. ಮರದ ಪುಡಿಗೆ ಅಂಟು ಕಲಸಿ ಮೆತ್ತಿದೆ. ಸೋರುವ ತಾರಸಿಗೆ ಸಿಮೆಂಟು ಬಳಿದ ಹಾಗೆ ಕಂಡಿತು. ನಿಧಾನವಾಗಿ ಉಜ್ಜಿ ನುಣುಪು ಮಾಡುವ ತಾಳ್ಮೆ ನನಗೆಲ್ಲಿ? ಬೀರು ತೆಗೆದು, ಮೂಲೆಯಲ್ಲಿ ಬಿದ್ದಿದ್ದ ಸೀರೆಯೊಂದರ ಜರಿ ಅಂಚು ಕತ್ತರಿಸಿ ಸುತ್ತಲೂ ಅಂಟಿಸಿದೆ. ಭರ್ಜರಿಯಾಗಿ ಕಂಡಿತು.

ಹೆಂಡತಿ ಬಂದು ನೋಡಿ ಕಿರುಚಿದಳು. "ಅಯ್ಯೋ, ಇದು ಬೀಗರು ಮದುವೇಲಿ ಕೊಟ್ಟ ಸೀರೆ ಕಣ್ರೀ!"

ಆಮೇಲೆ ಉಳಿದ ಸೀರೆಯನ್ನು ಎತ್ತಿ ಬೆಳಕಿಗೆ ಹಿಡಿದು, "ಹೋಗ್ಲಿ ಬಿಡಿ, ಆ ಬಣ್ಣ ನನಗೂ ಹಿಡಿಸಿರ್ಲಿಲ್ಲ. ಅವರದ್ದು ಅವರಿಗೇ ಸೇರ್ತು," ಅಂದಳು.

೨. ಬಿರುಕು

ಗಿಟಾರಿನ ಮುಖದ ಮೇಲೆ ಉದ್ದಕ್ಕೊಂದು ಬಿರುಕು. ಒಳಗಿನಿಂದ ಮರದ ಪಟ್ಟಿ ಕೊಟ್ಟು ಅಂಟಿಸಿದೆ. ಗಟ್ಟಿಯಾಯಿತು, ಆದರೆ ಗೆರೆ ಹೋಗಲಿಲ್ಲ. ಕೂತರೆ ನಿಂತರೆ ಅದೇ ಗೆರೆ ಕಣ್ಣಿಗೆ ಹೊಡೆಯುತ್ತಿತ್ತು. ಆರ್.ಟಿ. ನಗರದಲ್ಲಿ ಆಟೋಗಳಿಗೆ ಬಣ್ಣದಲ್ಲಿ ಬರೆಯುವ ಪೇಂಟರ್ ಹತ್ತಿರ ಒಯ್ದೆ.

"ಗೆರೆ ಮುಚ್ಬಾರ್ದು ಸಾರ್, ಅದನ್ನೇ ಬಳ್ಳಿ ಮಾಡ್ಬಿಡ್ಬೇಕು," ಅಂದ. ಎಷ್ಟು ಚಂದದ ಬಳ್ಳಿ ಬರೆದ ಅಂದರೆ, ಬಿರುಕು ಇನ್ನೂ ಸ್ವಲ್ಪ ಉದ್ದ ಇರಬಾರದಿತ್ತೇ ಅನ್ನಿಸಿತು. ನಾನು ಟೀ ಕುಡಿದು ಬರುವಷ್ಟರಲ್ಲಿ ಬಳ್ಳಿಯ ಬುಡದಲ್ಲಿ 'ತಾಯಿಯ ಆಶೀರ್ವಾದ' ಎಂದು ಬರೆದಿಟ್ಟಿದ್ದ.

"ಇದ್ಯಾಕಪ್ಪಾ?"

"ಅದಿಲ್ದೆ ನಾನು ಯಾವ ಗಾಡೀನೂ ರೋಡಿಗೆ ಬಿಡಲ್ಲ ಸಾರ್."

೩. ಹೂವು

ಕೆಳಗಡೆ ಎಡಕ್ಕೊಂದು ತೂತು. ಹಿಂದೆ ಯಾವಾಗಲೋ ಮೈಕಿನ ವೈರಿಗೆಂದು ಕೊರೆದದ್ದು. ಅದರ ಮೇಲೆ ಬೀಟೆ ಮರದ ಚಕ್ಕೆಯಲ್ಲಿ ಹೂವು ಕೆತ್ತಿ ಅಂಟಿಸಿದೆ.

"ಒಂದೇ ಕಡೆ ಮೂಗುತಿ ಇಟ್ಟ ಹಾಗಿದೆ. ಈ ಕಡೆಗೂ ಒಂದು ಬೇಕು," ಅಂದಳು ಹೆಂಡತಿ.

"ಈ ಕಡೆ ತೂತೇ ಇಲ್ವಲ್ಲೇ?"

"ಇನ್ನೂ ನಾಲ್ಕು ದಿನ ನಿಮ್ಮ ಕೈಲಿರುತ್ತಲ್ಲ, ಮೊದಲೇ ಮುಚ್ಚಿಡಿ."

೪. ನಾಮಕರಣ

ನಾಮಕರಣದ ದಿನ ನೆಂಟರು ತುಂಬಿದ ನಮ್ಮ ಮನೆಯಲ್ಲಿ ಬೀಗರ ಕೈಗೆ ಗಿಟಾರು ಕೊಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿ, ನನ್ನನ್ನು ಒಳಕೋಣೆಗೆ ಕರೆದು ಮೆಲ್ಲಗೆ ಹೇಳಿದರು. "ಬೀಗ್ರೇ, ಎಲ್ಲೋ ಬದಲಾಗ್ಬುಟ್ಟೈತೆ. ಇದು ಯಾರ್ದೋ ಗಿಟಾರು."

"ನಿಮ್ಮದೇ, ಆಣೆಗೂ!"

"ನಂದು ಕೆಟ್ಟೋಯ್ತು ಅಂತ ಇಂಗೆ ಹೊಸದು ತಂದ್ಬುಟ್ರಾ? ಎಲ್ಲಾರಾ ಉಂಟಾ! ಕಂಡೋರ ಗಿಟಾರಲ್ಲಿ ನಾನು ಮೊಮ್ಮಗಳಿಗೆ ಜೋಗುಳ ನುಡಿಸಲ್ಲ."

ಹೊರಗೆ ತೊಟ್ಟಿಲ ಸುತ್ತ ಜನ ಕಾಯುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಮಗಳ ಕಣ್ಣು ತುಂಬಿತ್ತು. ತೋರಿಸಿಯೇಬಿಡೋಣ ಎಂದು ಚಾಕು ತಂದು ಹೂವು ಎಬ್ಬಿಸಿದೆ. ಗಡಿಬಿಡಿಯಲ್ಲಿ, ಹೆಂಡತಿಯ ಮಾತಿಗೆ ಅಂಟಿಸಿದ್ದ ಬಲಗಡೆಯದನ್ನು ಎಬ್ಬಿಸಿದ್ದೆ. ಕೆಳಗೆ ಸಪಾಟು ಮರ.

"ನೋಡಿದ್ರಾ? ನಂದ್ರಾಗೆ ತೂತೈತೆ," ಅಂದರು ಬೀಗರು.

ಎಡಗಡೆಯದನ್ನು ಎಬ್ಬಿಸಿದೆ. ತೂತು ಕಂಡಿತು. ಬೀಗರ ಮುಖ ಸ್ವಲ್ಪ ಅರಳಿತು. ಬಣ್ಣ ಕರಗಿಸುವ ಥಿನ್ನರ್ ಹಾಕಿ ಬಳ್ಳಿ ಒರೆಸಿದೆ. "ಓ, ಇದು ನಮ್ ತಮ್ಮ ವ್ಯಾನಲ್ಲಿ ನೋಡ್ದೆ ಮೇಲೆ ಕುಂತಾಗ ಬಿಟ್ಟಿದ್ದು!" ಎಂದು ಬಿರುಕಿನ ಮೇಲೆ ಬೆರಳಾಡಿಸಿದರು. ಕೊನೆಗೆ ಜರಿ ಅಂಚು ಕಿತ್ತೆ. ಅಷ್ಟರಲ್ಲಿ ಒಳಬಂದ ಬೀಗಿತ್ತಿ, "ಈ ಜರಿ ಎಲ್ಲೋ ನೋಡ್ದಂಗೈತೆ," ಅಂದರು. ನನ್ನ ಹೆಂಡತಿಗೆ ತಕ್ಷಣ ಮಗು ಅತ್ತ ಹಾಗೆ ಕೇಳಿಸಿತು, ಹೊರಗೆ ಓಡಿದಳು.

ಒಳಗಿನ ಪಟ್ಟಿ ಗಟ್ಟಿಯಾಗಿತ್ತು, ದೇವರು ದೊಡ್ಡವನು. ಬೀಗರು ತೊಟ್ಟಿಲ ಪಕ್ಕ ಕೂತು ಜೋಗುಳ ನುಡಿಸಿದರು. ನನಗೂ ಕಣ್ಣು ಒದ್ದೆಯಾಯಿತು.

ಮುಗಿದ ಮೇಲೆ ಎದ್ದು ಬಂದು, ನೆಂಟರೆಲ್ಲರ ಎದುರಿಗೆ ನನ್ನ ಎರಡೂ ಕೈ ಹಿಡಿದುಕೊಂಡರು.

"ರಿಪೇರಿ ಅಂದ್ರೆ ನಮ್ ಬೀಗರದ್ದು ಕಣ್ರಪ್ಪಾ! ಎಲ್ಲೂ ಕೈ ಹಾಕಿದಂಗೇ ಕಾಣಲ್ಲ."