ಗಾಜಿನ ಪೆಟ್ಟಿಗೆಯ ಕಾಣದ ಪ್ರಾಣಿ

ಧೂಳು ಒರೆಸುವ ಬಟ್ಟೆ ಸಿಕ್ಕಿಕೊಂಡದ್ದೇ ನೆಪ, ಮ್ಯೂಸಿಯಮ್ಮಿನ ಮೂರನೇ ಹಾಲಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹುಲ್ಲು ತುಂಬಿ ನಿಲ್ಲಿಸಿದ್ದ ಕಾಡುಬೆಕ್ಕಿನ ಬಾಲ ಕಿತ್ತು ಬಂತು. ಇಪ್ಪತ್ತು ವರ್ಷದಿಂದ ಅದನ್ನು ಕಾಯುತ್ತಿದ್ದ ಕಾವಲುಗಾರ ಗಡಿಬಿಡಿಯಲ್ಲಿ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಟಿಕೆಟ್ ಕೌಂಟರಿನ ಕೆಳಗೆ ತುರುಕಿದ.

"ಇವತ್ತೇ ಹೊಸ ಡೈರೆಕ್ಟರ್ ಮೇಡಂ ಬರ್ತಾರಂತೆ ಅಣ್ಣ," ಎಂದಳು ಎಲ್ಲರೂ ಟಿಕೆಟ್ ಅಕ್ಕ ಎನ್ನುವ ಕೌಂಟರಿನವಳು. "ಗೊತ್ತಾದ್ರೆ ನೆಲಮಾಳಿಗೇನೇ ಗತಿ. ನಿಮ್ ಸ್ಟೂಲ್ ಯಾರ ಪಾಲಾಗುತ್ತೋ."

ನೆಲಮಾಳಿಗೆಯಲ್ಲಿದ್ದದ್ದು ಒಡೆದ ಮಡಕೆಗಳು ಮತ್ತು ತಪ್ಪು ಮಾಡಿದ ನೌಕರರು. ಅವನಿಗೋ ಕಿಟಕಿ ಪಕ್ಕದ ಆ ಸ್ಟೂಲೆಂದರೆ ಪ್ರಾಣ.

ಅಷ್ಟರಲ್ಲಿ ಶಾಲೆಯ ಮಕ್ಕಳು ನುಗ್ಗಿದರು.

"ಮಾಮಾ, ಇದ್ರಲ್ಲಿ ಏನೂ ಇಲ್ವಲ್ಲ," ಎಂದಳು ಖಾಲಿ ಪೆಟ್ಟಿಗೆಯ ಗಾಜಿಗೆ ಮೂಗೊತ್ತಿದ ಎರಡು ಜಡೆಯ ಹುಡುಗಿ.

"ಇದೆ ಪುಟ್ಟಿ. ಕಾಣಲ್ಲ ಅಷ್ಟೆ." ಮಾತು ಕಾವಲುಗಾರನ ಬಾಯಿಂದ ಜಾರಿಬಿಟ್ಟಿತು.

"ಯಾಕೆ ಕಾಣಲ್ಲ?"

"ಅದಿದ್ದದ್ದು ಒಂದು ಗಿಡಾನೂ ಇಲ್ಲದ ಬಯಲಲ್ಲಿ. ಜಿಂಕೆ ಹಿಡಿಯೋಕೆ ಎಲ್ಲಿ ಅಡಗುತ್ತೆ ಹೇಳು? ಜಿಂಕೆ ಕಣ್ಣಿಗೆ ಬಿದ್ದವಕ್ಕೆಲ್ಲ ಉಪವಾಸ. ಚರ್ಮ ಒಂಚೂರು ತೆಳ್ಳಗಿದ್ದು ಸರಿಯಾಗಿ ಕಾಣದವಕ್ಕೆ ಊಟ ಸಿಕ್ತು, ಮರಿ ಆದ್ವು. ಆ ಮರಿಗಳಲ್ಲೂ ತೆಳ್ಳಗಿದ್ದವೇ ಉಳಿದ್ವು. ಹೀಗೇ ಲಕ್ಷಾಂತರ ವರ್ಷ. ಕೊನೆಗೆ ಮೂಳೆ, ಮಾಂಸ, ಎಲ್ಲಾ ಗಾಜಿನ ಥರ."

"ತಿಂದಿದ್ದು ಹೊಟ್ಟೇಲಿ ಕಾಣ್ಸಲ್ವಾ?"

ಅವನು ತಲೆ ಕೆರೆದುಕೊಂಡ. "ಕಾಣುತ್ತೆ. ಅದಕ್ಕೇ ತಿಂದಿದ್ದು ಕರಗೋವರೆಗೂ ಗುಹೆ ಬಿಟ್ಟು ಬರಲ್ಲ."

"ಮತ್ತೆ ಆ ಬಾಲ?"

ಪೆಟ್ಟಿಗೆಯ ಮೂಲೆಯಲ್ಲಿ ಬಾಲ ಹಾಗೇ ಬಿದ್ದಿತ್ತು.

"ಅದು... ಬೆಳಿಗ್ಗೆ ತಿಂದಿದ್ದು. ಇನ್ನೂ ಕರಗಿಲ್ಲ."

ಮಕ್ಕಳೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಹಿಂದಿನಿಂದ ಯಾರೋ ನಕ್ಕರು. ತಿರುಗಿದರೆ ಹೊಸ ಮೇಡಂ! ಅವನು ಬಾಲ ಕಾಣದಂತೆ ಪೆಟ್ಟಿಗೆಗೆ ಅಡ್ಡ ನಿಂತ.

"ಬೆಕ್ಕು ರಿಪೇರಿಗೆ ಹೋಗ್ಲಿ ಬಿಡಿ, ಹಳೇದಾದ್ಮೇಲೆ ಬಾಲ ಕಿತ್ತು ಬರೋದೇ," ಎಂದರು ಮೇಡಂ, ಪೆಟ್ಟಿಗೆಯ ಮೇಲಿನ 'ಕಾಡುಬೆಕ್ಕು' ಫಲಕ ಓದುತ್ತ. "ಆದ್ರೆ ಜೀವವಿಕಾಸನ ಇಷ್ಟು ಸಲೀಸಾಗಿ ಹೇಳಿದ್ದು ನಾನೆಲ್ಲೂ ಕೇಳಿಲ್ಲ. ನಾಳೆಯಿಂದ ನಿಮ್ಮ ಪ್ರಾಣಿಗೇ ಒಂದು ಕೋಣೆ. ದಿನಾ ನೀವೇ ಮಕ್ಕಳಿಗೆ ಹೇಳ್ಬೇಕು."

ಅವನ ಎದೆ ಪೂರಿಯ ಹಾಗೆ ಉಬ್ಬಿತು. "ಯಾವ ಕೋಣೆ ಮೇಡಂ?"

"ಕಾಣದ ಪ್ರಾಣಿಗೆ ಬೆಳಕು ಯಾಕೆ ಹೇಳಿ? ನೆಲಮಾಳಿಗೆ ಇದೆಯಲ್ಲ. ಕತ್ತಲಲ್ಲಿ ಮಕ್ಕಳಿಗೆ ಇನ್ನೂ ಮಜಾ."

ಇಷ್ಟೊಂದು ಹೊಗಳಿಸಿಕೊಂಡವನು ಒಲ್ಲೆ ಎನ್ನುವುದಾದರೂ ಹೇಗೆ? ಅವನು ಆಸೆಯಿಂದ ಸ್ಟೂಲಿನತ್ತ ತಿರುಗಿದ. ಟಿಕೆಟ್ ಅಕ್ಕ ಆಗಲೇ ಅದರ ಮೇಲೆ ಕೂತು ಕಿಟಕಿ ತೆರೆಯುತ್ತಿದ್ದಳು.